ದುಃಖ ಎಲ್ಲರಿಗೂ, ಬೀದಿ ಕೆಲವರಿಗೆ

ಸಾವು ಯಾವ ಮನೆಯನ್ನೂ ಬಿಟ್ಟಿಲ್ಲ. ಹೆಂಡತಿ ತೀರಿಕೊಂಡ ಗಂಡ, ಮಗನನ್ನು ಕಳೆದುಕೊಂಡ ತಾಯಿ, ಇದ್ದಕ್ಕಿದ್ದಂತೆ ತಬ್ಬಲಿಗಳಾದ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ, ಬಡವರಲ್ಲೂ ಇದ್ದಾರೆ, ಸಿರಿವಂತರಲ್ಲೂ ಇದ್ದಾರೆ. ಬಹುಪಾಲು ಜನ ಅತ್ತು, ಕುಗ್ಗಿ, ಕೆಲಕಾಲ ಯಾವುದರಲ್ಲೂ ಮನಸ್ಸಿಲ್ಲದೆ ಕಳೆದು, ಹೇಗೋ ಮತ್ತೆ ಬದುಕಿಗೆ ಹೊಂದಿಕೊಳ್ಳುತ್ತಾರೆ. ಕೆಲವರು ಮಾತ್ರ ಬೀದಿಪಾಲಾಗುತ್ತಾರೆ. ಯಾಕೆ? ಅವರಿಗೆ ಬಂದ ದುಃಖ ಉಳಿದವರದಕ್ಕಿಂತ ದೊಡ್ಡದಾಗಿತ್ತೆ? ಅವರ ಮನಸ್ಸು ಅಷ್ಟು ದುರ್ಬಲವಾಗಿತ್ತೆ?

ಈ ಪ್ರಶ್ನೆಗೆ ಸಮಾಜ ಎರಡು ಸಿದ್ಧ ಉತ್ತರಗಳನ್ನು ಇಟ್ಟುಕೊಂಡಿದೆ. ಕುಡಿತ, ಸೋಮಾರಿತನ, ಬುದ್ಧಿಭ್ರಮಣೆ ಎಂದು ಆ ಮನುಷ್ಯನ ಮೇಲೆಯೇ ಹೊರೆ ಹಾಕುವುದು ಒಂದು. ಬಾಡಿಗೆ, ಕೂಲಿ, ಮಾರುಕಟ್ಟೆ ಎಂದು ಲೆಕ್ಕ ಒಪ್ಪಿಸಿ ಮನುಷ್ಯನನ್ನೇ ಮರೆಯುವುದು ಇನ್ನೊಂದು. ದೊಡ್ಡ ಕಂಪನಿಗಳ ಹಂಗಿಲ್ಲದೆ ತೆಗೆದ ಒಂದು ಸಣ್ಣ ಚಿತ್ರ ಈ ಎರಡರ ನಡುವೆ ನಿಂತು ನೋಡಲು ನನಗೆ ನೆರವಾಗಿದೆ. ಓರೆನ್ ಮೂವರ್ಮನ್ ನಿರ್ದೇಶಿಸಿದ, 2014ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ‘ಟೈಮ್ ಔಟ್ ಆಫ್ ಮೈಂಡ್’ ಆ ಚಿತ್ರ. ರಿಚರ್ಡ್ ಗೇರ್ ಅದರ ನಾಯಕ, ನಿರ್ಮಾಪಕರಲ್ಲೂ ಒಬ್ಬ.

ಕಥೆ ಹೇಳುವಷ್ಟು ಕಥೆ ಅದರಲ್ಲಿಲ್ಲ. ಖಾಲಿ ಅಪಾರ್ಟ್‌ಮೆಂಟೊಂದರ ಸ್ನಾನದ ತೊಟ್ಟಿಯಲ್ಲಿ ಜಾರ್ಜ್ ಎಂಬಾತ ಮಲಗಿದ್ದಾನೆ. ಕಟ್ಟಡ ನೋಡಿಕೊಳ್ಳುವವನು ಬಂದು ಎಬ್ಬಿಸಿ, ಹೊರಡು ಎನ್ನುತ್ತಾನೆ. ಪರಿಚಯದವಳೊಬ್ಬಳು ಬರಬೇಕು, ಅವಳಿಗಾಗಿ ಕಾಯುತ್ತಿದ್ದೇನೆ ಎಂದು ಜಾರ್ಜ್ ಮತ್ತೆ ಮತ್ತೆ ಹೇಳುತ್ತಾನೆ. ತನಗೆ ಮನೆ ಇಲ್ಲ ಎಂಬುದನ್ನು ಅವನ ಬಾಯಿ ಇನ್ನೂ ಒಪ್ಪಿಲ್ಲ. ಅಲ್ಲಿಂದ ಮುಂದೆ ಅವನು ನ್ಯೂಯಾರ್ಕಿನ ಬೀದಿಗಳಲ್ಲಿ ನಡೆಯುತ್ತಾನೆ, ಕೂರುತ್ತಾನೆ, ಕುಡಿಯುತ್ತಾನೆ, ಕೊನೆಗೆ ಮನೆಯಿಲ್ಲದವರಿಗೆ ರಾತ್ರಿ ತಂಗಲು ಜಾಗ ಕೊಡುವ ಬೆಲ್‌ವ್ಯೂ ಶೆಲ್ಟರಿನ ಸಾಲಿನಲ್ಲಿ ನಿಲ್ಲುತ್ತಾನೆ. ಕ್ಯಾಮೆರಾ ಅವನ ಹತ್ತಿರ ಹೋಗುವುದೇ ಕಡಿಮೆ. ಅಂಗಡಿಯ ಗಾಜಿನ ಹಿಂದಿನಿಂದ, ರಸ್ತೆಯ ಆಚೆ ಬದಿಯಿಂದ, ಬಾಗಿಲಿನ ಸಂದಿನಿಂದ ಅವನನ್ನು ನೋಡುತ್ತದೆ. ಕಿವಿಗೆ ಬೀಳುವುದು ಅವನ ಮಾತಿಗಿಂತ ಹೆಚ್ಚಾಗಿ ದಾರಿಹೋಕರ ಫೋನ್ ಸಂಭಾಷಣೆ, ಬಸ್ಸಿನ ಸದ್ದು, ಯಾರದೋ ಜಗಳ. ಚಿತ್ರೀಕರಣದ ಹೊತ್ತಿನಲ್ಲಿ ಕ್ಯಾಮೆರಾಗಳು ದೂರದಲ್ಲಿದ್ದವು. ಕೊಳಕು ಕೋಟು ತೊಟ್ಟ ಗೇರ್ ಮ್ಯಾನ್‌ಹಟನ್ನಿನ ಬೀದಿಯಲ್ಲಿ ನಿಂತು ಕೈಚಾಚಿದಾಗ ಗುರುತು ಹಿಡಿದವರು ಇಲ್ಲವೆನ್ನುವಷ್ಟು ಕಡಿಮೆ. ಜಗತ್ತಿಗೆಲ್ಲ ಗೊತ್ತಿರುವ ಮುಖ ಅದು. ಬೀದಿಯಲ್ಲಿರುವವನ ಕಡೆ ಜನ ಕಣ್ಣೆತ್ತಿ ನೋಡುವುದೇ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜಾರ್ಜನ ದುಃಖ ನಮಗೆ ತಿಳಿಯುವ ರೀತಿಯೇ ಈ ಚಿತ್ರದ ದೊಡ್ಡ ಗುಣ. ಅವನು ನೆನಪು ಬಿಚ್ಚುವ ದೃಶ್ಯವಿಲ್ಲ, ಹಳೆಯ ಸುಖದ ದಿನಗಳನ್ನು ತೋರಿಸುವ ಫ್ಲ್ಯಾಶ್‌ಬ್ಯಾಕ್ ಇಲ್ಲ. ಕಚೇರಿಯ ಮೇಜಿನ ಆಚೆ ಕೂತವರು ಅರ್ಜಿ ತುಂಬಿಸಲು ಪ್ರಶ್ನೆ ಕೇಳುತ್ತಾರೆ. ಕೊನೆಯ ವಿಳಾಸ ಯಾವುದು, ಕೆಲಸ ಬಿಟ್ಟು ಎಷ್ಟು ವರ್ಷವಾಯಿತು, ಹತ್ತಿರದವರು ಯಾರಿದ್ದಾರೆ. ಆ ಖಾಲಿ ಜಾಗಗಳನ್ನು ತುಂಬುವಾಗ ಹೆಂಡತಿಯ ಸಾವು, ಹೋದ ಕೆಲಸ, ಅಜ್ಜಿಯ ಬಳಿ ಬೆಳೆದ ಮಗಳು ಒಂದೊಂದಾಗಿ ಹೊರಬರುತ್ತವೆ. ಮಗಳು ಅದೇ ನಗರದ ಬಾರ್ ಒಂದರಲ್ಲಿ ಕೆಲಸ ಮಾಡುತ್ತಾಳೆ, ಅಪ್ಪನ ಮುಖ ನೋಡಲು ಒಲ್ಲಳು. ಅವಳ ಸಿಟ್ಟಿಗೆ ಕಾರಣವಿದೆ. ತಾಯಿ ಸತ್ತಾಗ ಅವಳಿಗೂ ಆಸರೆ ಬೇಕಿತ್ತು, ಅಪ್ಪ ಇರಲಿಲ್ಲ. ಒಂದೇ ಸಾವು ಇಬ್ಬರನ್ನೂ ಹೊಡೆದು, ಇಬ್ಬರನ್ನೂ ಬೇರೆ ಮಾಡಿದೆ.

ಇಷ್ಟು ನೋಡಿದ ಮೇಲೆ, ಹೆಂಡತಿ ಸತ್ತ ಕೊರಗಿನಲ್ಲಿ ಇವನು ಹೀಗಾದ ಎಂದು ಪ್ರೇಕ್ಷಕರಿಗೆ ಅನ್ನಿಸುವುದು ಸಹಜ. ನನ್ನ ತಕರಾರು ಇರುವುದು ಅಲ್ಲೇ. ಕೊರಗು ಅವನನ್ನು ನೂಕಿತು, ನಿಜ. ಆದರೆ ನೂಕಿದಾಗ ಮನುಷ್ಯ ಎಲ್ಲಿ ಹೋಗಿ ಬೀಳುತ್ತಾನೆ ಎಂಬುದನ್ನು ನಿರ್ಧರಿಸುವುದು ಕೊರಗಲ್ಲ.

ಗ್ರೆಗ್ ಕೋಲ್ಬರ್ನ್ ಮತ್ತು ಕ್ಲೇಟನ್ ಪೇಜ್ ಆಲ್ಡರ್ನ್ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಮೆರಿಕದ ಬೇರೆ ಬೇರೆ ನಗರಗಳನ್ನು ಹೋಲಿಸಿ ನೋಡಿತು. ಮಾನಸಿಕ ಕಾಯಿಲೆ, ಮಾದಕ ವ್ಯಸನ, ಬಡತನ ಹೆಚ್ಚಿರುವ ಕಡೆಯೇ ವಸತಿಹೀನರೂ ಹೆಚ್ಚಿರಬೇಕು ಎಂಬುದು ಸಾಮಾನ್ಯ ಊಹೆ. ಅಂಕಿಅಂಶ ಹಾಗೆ ಹೇಳಲಿಲ್ಲ. ಬಾಡಿಗೆ ಏರಿರುವ, ಖಾಲಿ ಮನೆ ಸಿಗದ ನಗರಗಳಲ್ಲೇ ಬೀದಿಪಾಲಾದವರ ಪ್ರಮಾಣ ಹೆಚ್ಚು. ಮಾದಕದ್ರವ್ಯದ ಸಾವುಗಳಿಗೆ ಕುಖ್ಯಾತವಾದ ವೆಸ್ಟ್ ವರ್ಜೀನಿಯಾದಲ್ಲಿ ವಸತಿಹೀನತೆ ಕಡಿಮೆ, ಸಿರಿವಂತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದು ಕಣ್ಣಿಗೆ ರಾಚುತ್ತದೆ. ವೆಸ್ಟ್ ವರ್ಜೀನಿಯಾದವರಿಗೆ ದುಃಖ ಕಡಿಮೆಯೇನಲ್ಲ. ಅಲ್ಲಿ ಮುರಿದುಬಿದ್ದವನ ಕೈಗೆಟುಕುವ ಮನೆಗಳು ಇನ್ನೂ ಇವೆ, ಅಷ್ಟೇ.

ಒಂದು ಸಾವು ಮನೆಯನ್ನು ಹೇಗೆ ಕಸಿಯುತ್ತದೆ ಎಂದು ಹಂತ ಹಂತವಾಗಿ ಯೋಚಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಇಬ್ಬರು ದುಡಿದು ಕಟ್ಟುತ್ತಿದ್ದ ಬಾಡಿಗೆಯನ್ನು ಈಗ ಒಬ್ಬರೇ ಕಟ್ಟಬೇಕು. ಉಳಿದೊಬ್ಬರಿಗೆ ಕೆಲಸದಲ್ಲಿ ಮನಸ್ಸು ನಿಲ್ಲದು, ರಜೆ ಮುಗಿಯುತ್ತದೆ, ಕೆಲಸ ಹೋಗುತ್ತದೆ. ಬಾಡಿಗೆ ಬಾಕಿ ಬಿದ್ದು ಮನೆ ಖಾಲಿ ಮಾಡಿಸಿದರೆ ಅದು ದಾಖಲೆಯಲ್ಲಿ ಉಳಿದು ಮುಂದಿನ ಮನೆ ಸಿಗುವುದು ಕಷ್ಟವಾಗುತ್ತದೆ. ವಿಳಾಸವಿಲ್ಲದವನಿಗೆ ಕಾಗದ ಬರುವುದಿಲ್ಲ. ಚಿತ್ರದಲ್ಲಿ ಜಾರ್ಜ್ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ನೆರವು ಬೇಕಾದರೆ ಗುರುತಿನ ಚೀಟಿ ಬೇಕು, ಗುರುತಿನ ಚೀಟಿಗೆ ಜನನ ಪತ್ರ ಬೇಕು, ಜನನ ಪತ್ರ ಕೇಳಲು ಹೋದರೆ ಗುರುತಿನ ಚೀಟಿ ಎಲ್ಲಿ ಎನ್ನುತ್ತಾರೆ. ಎದುರಿಗೆ ಜೀವಂತ ನಿಂತಿರುವ ಮನುಷ್ಯ ತಾನು ತಾನೇ ಎಂದು ಸಾಬೀತು ಮಾಡಲಾರದೆ ಹಿಂದಿರುಗುತ್ತಾನೆ. ಈ ಸರಪಳಿಯಲ್ಲಿ ದುಃಖ ಒಂದು ಕೊಂಡಿ ಮಾತ್ರ. ಉಳಿದ ಕೊಂಡಿಗಳನ್ನೆಲ್ಲ ನಾವು, ಅಂದರೆ ಸಮಾಜ ಮತ್ತು ಸರ್ಕಾರ, ಕೈಯಾರೆ ಜೋಡಿಸಿದ್ದೇವೆ. ಜೋಡಿಸಿದವರೇ ಬಿಚ್ಚಲೂಬಹುದು. 2024ರ ಜನವರಿಯಲ್ಲಿ ಅಮೆರಿಕದ ಸರ್ಕಾರವೇ ನಡೆಸಿದ ಒಂದು ರಾತ್ರಿಯ ಎಣಿಕೆಯಲ್ಲಿ ಮನೆಯಿಲ್ಲದವರ ಸಂಖ್ಯೆ 7.7 ಲಕ್ಷ ದಾಟಿತ್ತು. ಅಷ್ಟು ಜನರ ಮನಸ್ಸು ಒಟ್ಟಿಗೆ ದುರ್ಬಲವಾಯಿತು ಎಂದು ನಂಬುವುದು ಹೇಗೆ?

ಇದಕ್ಕೆ ಎದುರಾಗಿ ನಿಲ್ಲುವ ಚಿತ್ರವೂ ಒಂದಿದೆ. ಕ್ಲೋಯಿ ಜಾವೊ ನಿರ್ದೇಶನದ ‘ನೊಮ್ಯಾಡ್‌ಲ್ಯಾಂಡ್’ 2020ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿಯನ್ನೂ, ಮರುವರ್ಷ ಶ್ರೇಷ್ಠ ಚಿತ್ರದ ಆಸ್ಕರನ್ನೂ ಪಡೆಯಿತು. ನೆವಾಡಾದ ಎಂಪೈರ್ ಎಂಬ ಊರು ಜಿಪ್ಸಮ್ ಬೋರ್ಡ್ ತಯಾರಿಸುವ ಕಾರ್ಖಾನೆಯನ್ನೇ ನೆಚ್ಚಿಕೊಂಡಿತ್ತು. 2011ರಲ್ಲಿ ಕಾರ್ಖಾನೆ ಮುಚ್ಚಿತು, ಜನ ಊರು ಬಿಟ್ಟರು, ಅಂಚೆ ಪಿನ್‌ಕೋಡ್ ಕೂಡ ರದ್ದಾಯಿತು. ಗಂಡನನ್ನೂ ಊರನ್ನೂ ಕಳೆದುಕೊಂಡ ಚಿತ್ರದ ನಾಯಕಿ ಫರ್ನ್ ವ್ಯಾನ್ ಒಂದರಲ್ಲಿ ವಾಸ ಮಾಡುತ್ತ, ಅಮೆಜಾನ್ ಗೋದಾಮಿನಲ್ಲಿ, ಸಕ್ಕರೆ ಬೀಟ್ ಕೊಯ್ಲಿನಲ್ಲಿ, ಕ್ಯಾಂಪ್ ಮೈದಾನಗಳಲ್ಲಿ ದುಡಿಯುತ್ತ ಅಲೆಯುತ್ತಾಳೆ. ಅವಳ ಜೊತೆ ಕಾಣಿಸಿಕೊಳ್ಳುವವರಲ್ಲಿ ಹಲವರು ನಿಜವಾಗಿಯೂ ವ್ಯಾನ್‌ಗಳಲ್ಲಿ ಬದುಕುವವರೇ. ಅವರಲ್ಲೊಬ್ಬರಾದ ಬಾಬ್ ವೆಲ್ಸ್, ಆತ್ಮಹತ್ಯೆ ಮಾಡಿಕೊಂಡ ತಮ್ಮ ಮಗನ ಬಗ್ಗೆ ಮಾತಾಡುವ ದೃಶ್ಯದಲ್ಲಿ ನಟನೆ ಎನ್ನುವುದು ಏನೂ ಉಳಿದಿಲ್ಲ. ಇತರರಿಗೆ ನೆರವಾಗುವುದೇ ಮಗನಿಗೆ ತಾನು ಸಲ್ಲಿಸುವ ಗೌರವ ಎಂದು ಅವರು ಕಂಡುಕೊಂಡಿದ್ದಾರೆ.

ಫರ್ನ್‌ಗೆ ಸೋದರಿಯ ಮನೆಯಲ್ಲಿ ಜಾಗವಿದೆ, ಅವಳನ್ನು ಮೆಚ್ಚಿದ ಗೆಳೆಯನ ಕುಟುಂಬದಲ್ಲೂ ಜಾಗವಿದೆ. ಎರಡನ್ನೂ ಬಿಟ್ಟು ಅವಳು ರಸ್ತೆಗೇ ಮರಳುತ್ತಾಳೆ. ಆಕೆಯ ಮಟ್ಟಿಗೆ ಇದು ಸತ್ಯ, ಚಿತ್ರ ಅದನ್ನು ಘನತೆಯಿಂದ ಹೇಳಿದೆ. ಆದರೆ ಅಲೆದಾಟವೇ ಸ್ವಾತಂತ್ರ್ಯ, ಮನೆಯಿಲ್ಲದವರು ತಮ್ಮ ದಾರಿ ತಾವೇ ಆರಿಸಿಕೊಂಡವರು ಎಂದು ಇದರಿಂದ ನಿರ್ಣಯಕ್ಕೆ ಬಂದರೆ ಜಾರ್ಜನಂಥವರಿಗೆ ಅನ್ಯಾಯವಾಗುತ್ತದೆ. ಬೇಡ ಎನ್ನುವ ಹಕ್ಕು ಇರುವುದು ಬಾ ಎಂದು ಕರೆಯುವ ಮನೆ ಇದ್ದವರಿಗೆ ಮಾತ್ರ. ವಯಸ್ಸಾದ ಮೇಲೆ ಗೋದಾಮಿನಲ್ಲಿ ಪಾಳಿ ಮಾಡಬೇಕಾಗಿ ಬಂದದ್ದು ಆಯ್ಕೆಯೇ, ಪಿಂಚಣಿ ಸಾಲದೆ ಬಂದ ಅನಿವಾರ್ಯತೆಯೇ ಎಂಬ ಪ್ರಶ್ನೆಯನ್ನು ಆ ಸುಂದರ ಸೂರ್ಯಾಸ್ತಗಳು ಕೊಂಚ ಹಿಂದೆ ಸರಿಸಿವೆ ಎಂಬ ಟೀಕೆಯಲ್ಲಿ ಹುರುಳಿದೆ.

ಹಾಗಾದರೆ ಸೂರು ಕೊಟ್ಟರೆ ಸಾಕೆ? ನ್ಯೂಯಾರ್ಕ್ ಇದಕ್ಕೆ ಅರ್ಧ ಉತ್ತರ ಕೊಟ್ಟಿದೆ. 1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲರು ಬೀದಿಯಲ್ಲಿದ್ದ ಗಂಡಸರ ಪರವಾಗಿ ಮೊಕದ್ದಮೆ ಹೂಡಿದರು. ನಿರ್ಗತಿಕರ ಪಾಲನೆ ರಾಜ್ಯದ ಹೊಣೆ ಎಂದು ನ್ಯೂಯಾರ್ಕ್ ಸಂವಿಧಾನದಲ್ಲೇ ಬರೆದಿದೆ ಎಂಬುದು ಅವರ ವಾದ. 1981ರಲ್ಲಿ ನಗರ ರಾಜಿಗೆ ಒಪ್ಪಿ, ಕೇಳಿ ಬಂದ ಗಂಡಸರಿಗೆ ಮಲಗಲು ಜಾಗ ಕೊಡುವ ಹೊಣೆ ಹೊತ್ತಿತು. ಮೊಕದ್ದಮೆಗೆ ತನ್ನ ಹೆಸರು ಕೊಟ್ಟ ರಾಬರ್ಟ್ ಕ್ಯಾಲಹನ್ ಅಷ್ಟರಲ್ಲಿ ಬೀದಿಯಲ್ಲೇ ಸತ್ತಿದ್ದ. ಜಾರ್ಜ್ ಸಾಲಿನಲ್ಲಿ ನಿಲ್ಲುವ ಶೆಲ್ಟರ್ ಈ ಹಕ್ಕಿನ ಫಲ. ಅದು ಜೀವ ಉಳಿಸುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಅಲ್ಲಿ ಸಾಲು ಸಾಲು ಮಂಚ, ಅಪರಿಚಿತರ ಗೊರಕೆ, ಕಳ್ಳತನದ ಭಯ, ಹೊತ್ತಿಗೆ ಸರಿಯಾಗಿ ಎದ್ದು ಹೊರಡಬೇಕೆಂಬ ಕಟ್ಟಳೆ. ಪಕ್ಕದಲ್ಲಿ ಡಿಕ್ಸನ್ ಎಂಬಾತ ಎಡೆಬಿಡದೆ ಮಾತಾಡುತ್ತಾನೆ, ಜಾರ್ಜ್ ಹೆಚ್ಚೂಕಡಿಮೆ ಮೂಕನಾಗಿರುತ್ತಾನೆ. ಅಳಬೇಕೆನ್ನಿಸಿದರೆ ಎಲ್ಲಿ ಅಳಬೇಕು? ಅಳುವುದಕ್ಕೂ ಹಾಕಿಕೊಳ್ಳಲು ಒಂದು ಬಾಗಿಲು ಬೇಕು.

ಈ ಸತ್ಯವನ್ನು ಹಿಡಿದದ್ದು 1992ರಲ್ಲಿ ಅದೇ ನಗರದಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಆರಂಭಿಸಿದ ‘ಹೌಸಿಂಗ್ ಫಸ್ಟ್’ ಕ್ರಮ. ಮೊದಲು ಕುಡಿತ ಬಿಡು, ಚಿಕಿತ್ಸೆ ತಗೋ, ಆಮೇಲೆ ಮನೆ ಎನ್ನುವುದು ಅಲ್ಲಿಯವರೆಗಿನ ಪದ್ಧತಿ. ಅವರು ಅದನ್ನು ತಿರುವಿ ಹಾಕಿದರು. ಆ ಷರತ್ತುಗಳಿಲ್ಲದೆ ಮೊದಲು ಬೀಗದ ಕೈ ಕೊಟ್ಟರು, ಉಳಿದ ನೆರವನ್ನು ಆ ಮನೆಗೇ ತಲುಪಿಸಿದರು. ಮನೆ ಪಡೆದವರಲ್ಲಿ ಬಹುಪಾಲು ಜನ ಅದನ್ನು ಉಳಿಸಿಕೊಂಡರು. ಮುಂದೆ ಫಿನ್‌ಲ್ಯಾಂಡ್ ಇದನ್ನೇ ರಾಷ್ಟ್ರೀಯ ನೀತಿಯಾಗಿಸಿ ವಸತಿಹೀನರ ಸಂಖ್ಯೆಯನ್ನು ಗಣನೀಯವಾಗಿ ಇಳಿಸಿತು. ಮನಸ್ಸು ನೆಟ್ಟಗಾದ ಮೇಲೆ ಮನೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು. ನೆಟ್ಟಗಾಗಲು ಮನೆಯೇ ಬೇಕು.

ಕನ್ನಡದವರಿಗೆ ಈ ಮಾತು ದೂರದ್ದಲ್ಲ. ನಮ್ಮ ಶೋಕದ ಕಟ್ಟುಕಟ್ಟಳೆಗಳೆಲ್ಲ ಮನೆಯೊಂದನ್ನು ನಂಬಿಕೊಂಡೇ ಹುಟ್ಟಿದವು. ಹೆಣವನ್ನು ಜಗುಲಿಯಲ್ಲಿ ಮಲಗಿಸುವುದು, ಸೂತಕದ ದಿನಗಳು, ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ ತಂದು ಕೊಡುವುದು, ಹನ್ನೊಂದನೆಯ ದಿನದ ತಿಥಿ. ದುಃಖಿಗೆ ಜಾಗವನ್ನೂ ಕಾಲವನ್ನೂ ಜನರನ್ನೂ ಒದಗಿಸುವ ಏರ್ಪಾಡು ಅದು. ನಗರಕ್ಕೆ ಬಂದೊಡನೆ ಅದು ಸಡಿಲವಾಗುತ್ತದೆ. ಬಾಡಿಗೆ ಮನೆಗೆ ಹೆಣ ತರಲು ಮಾಲೀಕರು ಒಪ್ಪದ ಪ್ರಸಂಗಗಳು ಹೊಸವಲ್ಲ. ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ ಹೋಗಿ ಬಂದು, ಮರುದಿನ ಕೆಲಸಕ್ಕೆ ಹೊರಡುವವರು ನಮ್ಮ ನಡುವೆಯೇ ಇದ್ದಾರೆ.

ರಾಮ್ ರೆಡ್ಡಿ ಅವರ ‘ತಿಥಿ’ ಚಿತ್ರ (2015) ಇಲ್ಲಿ ನೆನಪಾಗುವುದು ಬರೀ ಹೆಸರಿನಿಂದಲ್ಲ. ಮಂಡ್ಯದ ಹಳ್ಳಿಯ ಗಡ್ಡಪ್ಪ ಆಸ್ತಿಯ ಗೊಡವೆ ಬಿಟ್ಟು ಹೊಲ ತೋಟಗಳಲ್ಲಿ ಅಲೆಯುವ ಮುದುಕ. ಅವನನ್ನು ಊರು ಗುರುತಿಸುತ್ತದೆ, ಮಾತಾಡಿಸುತ್ತದೆ. ಆದರೆ ಜಮೀನು ಮಾರುವ ಆತುರದಲ್ಲಿ ಸ್ವಂತ ಮಗನೇ ಬದುಕಿರುವ ಅಪ್ಪನಿಗೆ ಸುಳ್ಳು ಮರಣ ಪತ್ರ ಮಾಡಿಸುತ್ತಾನೆ. ನ್ಯೂಯಾರ್ಕಿನ ಜಾರ್ಜನಿಗೆ ಹುಟ್ಟಿದ್ದಕ್ಕೆ ಕಾಗದವಿಲ್ಲ, ಗಡ್ಡಪ್ಪನಿಗೆ ಸಾಯುವ ಮೊದಲೇ ಸತ್ತ ಕಾಗದ. ನೆಲೆ ಬಿಟ್ಟ ಮನುಷ್ಯ ಕಾಗದದ ಲೋಕದಲ್ಲಿ ಎಷ್ಟು ಸುಲಭವಾಗಿ ಇಲ್ಲವಾಗುತ್ತಾನೆ ಎಂಬುದನ್ನು ಎರಡೂ ಚಿತ್ರಗಳು ತೋರಿಸಿವೆ. ಗಡ್ಡಪ್ಪನನ್ನು ಕಾಪಾಡಿದ್ದು ಊರಿನ ಪರಿಚಯ. ಆ ಪರಿಚಯ ಇಲ್ಲದ ನಗರದಲ್ಲಿ ಅದರ ಕೆಲಸವನ್ನು ಕಾನೂನು ಮಾಡಬೇಕಾಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಇಂಥ ಚಿತ್ರಗಳು ಕರುಣೆ ಹುಟ್ಟಿಸುತ್ತವೆ, ಕರುಣೆ ಒಳ್ಳೆಯದೇ. ಆದರೆ ದುಃಖದ ಕಥೆ ಇದ್ದವರಿಗೆ ಮಾತ್ರ ಸೂರು ಎಂಬಲ್ಲಿಗೆ ಅದು ಬಂದು ನಿಂತರೆ, ಆ ಕಥೆಯೂ ಅರ್ಜಿಗೆ ಲಗತ್ತಿಸಬೇಕಾದ ಇನ್ನೊಂದು ದಾಖಲೆಯಾಗುತ್ತದೆ. ಜಾರ್ಜ್ ಮುದ್ದು ಬರುವ ಮನುಷ್ಯನಲ್ಲ. ಕುಡಿಯುತ್ತಾನೆ, ಮಗಳನ್ನು ಬಿಟ್ಟು ಹೋದವನು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದಿಲ್ಲ. ಮೂವರ್ಮನ್ ಅವನನ್ನು ಹಾಗೆಯೇ ಇಟ್ಟಿದ್ದಾರೆ, ನಮ್ಮ ಕಣ್ಣೀರಿಗಾಗಿ ತೊಳೆದು ಒಪ್ಪ ಮಾಡಿಲ್ಲ. ಯಾರನ್ನೂ ಕಳೆದುಕೊಳ್ಳದೆ, ತನ್ನ ತಪ್ಪಿನಿಂದಲೇ ಬೀದಿಗೆ ಬಂದವನಿಗೂ ಮಳೆ ಒಂದೇ, ಚಳಿ ಒಂದೇ.

ಆದ್ದರಿಂದ ಎರಡು ಋಣಗಳನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಿಡಿಯಬೇಕು. ಸೂರು ಕೊಡುವುದು ಸರ್ಕಾರದ ಋಣ. ಅದಕ್ಕೆ ಕಥೆ ಕೇಳಬಾರದು, ಯೋಗ್ಯತೆ ತೂಗಬಾರದು. ಆ ಸೂರಿನ ಕೆಳಗಿರುವವನ ದುಃಖಕ್ಕೆ ಕಿವಿಗೊಡುವುದು ನಮ್ಮ ನಿಮ್ಮ ಋಣ, ಅದನ್ನು ಯಾವ ಇಲಾಖೆಗೂ ವಹಿಸಿ ಕೈತೊಳೆದುಕೊಳ್ಳಲಾಗದು. ದುಃಖ ಬರದಂತೆ ತಡೆಯುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ದುಃಖ ಬಂದವನು ಬೀದಿಗೆ ಬೀಳದಂತೆ ತಡೆಯುವ ಶಕ್ತಿ ಇದೆ, ದಾರಿಯೂ ಗೊತ್ತಿದೆ. ಗೊತ್ತಿದ್ದೂ ಮಾಡದಿರುವುದಕ್ಕೆ ಸತ್ತವರನ್ನೋ ಅತ್ತವರನ್ನೋ ಕಾರಣ ಮಾಡುವುದು ಇನ್ನಾದರೂ ನಿಲ್ಲಬೇಕು.