ಸಂಪಾದಕರ ಮಾತು: ನೆರವಂಡ ಪ್ರೇಮಾ ಅವರ ಪಾತ್ರಪ್ರಪಂಚ

ಅಮ್ಮತ್ತಿ, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆಗಳನ್ನೊಳಗೊಂಡ ದಕ್ಷಿಣ ಕೊಡಗು ಬಹುಕಾಲ ಸೈನಿಕರಿಗೂ ಹಾಕಿ ಆಟಗಾರರಿಗೂ ಹೆಸರಾಗಿತ್ತು. ಈ ಕಾಫಿ ಸೀಮೆಯಲ್ಲಿ ಓದಿದ ನೆರವಂಡ ಪ್ರೇಮಾ 1990ರ ದಶಕದ ನಡುವಿನಲ್ಲಿ ಕನ್ನಡ ಚಿತ್ರರಂಗದ ಮುಂಚೂಣಿಯ ನಾಯಕಿಯಾದರು. ಪೊನ್ನಂಪೇಟೆಯಲ್ಲಿ ಶಾಲೆ, ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಮುಂದಿನ ಓದು. ಜೊತೆಗೆ ವಾಲಿಬಾಲ್ ಮತ್ತು ಎತ್ತರ ಜಿಗಿತ.

ಶಿವರಾಜಕುಮಾರ್ ಎದುರು ‘ಸವ್ಯಸಾಚಿ’ಯಲ್ಲಿ (1995) ಅವರ ಚಿತ್ರಜೀವನ ಆರಂಭವಾಯಿತು. ಅದೇ ವರ್ಷ ಬಂದ, ಉಪೇಂದ್ರ ನಿರ್ದೇಶನದ ‘ಓಂ’ ಅವರನ್ನು ಮನೆಮಾತಾಗಿಸಿತು. ರೌಡಿಗಳ ಲೋಕದ ಈ ಕಥೆಯಲ್ಲಿ ಪ್ರೇಮಾ ನಿರ್ವಹಿಸಿದ ಮಧು ಬರಿಯ ಪ್ರೇಯಸಿಯಲ್ಲ. ಪುರೋಹಿತರ ಮಗ ಸತ್ಯ ದಾರಿ ತಪ್ಪಲು ಕಾರಣಳಾದವಳೂ ಅವನನ್ನು ಮರಳಿ ದಾರಿಗೆ ತರಲು ಹೆಣಗುವವಳೂ ಅವಳೇ. ಈ ಅಭಿನಯಕ್ಕೆ ಪ್ರೇಮಾ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ತೆರೆಕಂಡ ‘ಓಂ’ ಕಿರುತೆರೆಗೆ ಬಂದದ್ದು ಎರಡು ದಶಕಗಳ ನಂತರ, 2015ರಲ್ಲಿ.

ಸುನಿಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ (1996) ಪ್ರೇಮಾ ಅವರ ಇನ್ನೊಂದು ಮುಖವನ್ನು ತೋರಿಸಿತು. ಇಳಯರಾಜ ಸಂಗೀತವಿದ್ದ ಈ ತ್ರಿಕೋನ ಪ್ರೇಮಕಥೆ ಉತ್ತರ ಕನ್ನಡದ ಯಾಣವನ್ನೂ ನಾಡಿಗೆಲ್ಲ ಪರಿಚಯಿಸಿತು. ಅದೇ ವರ್ಷ ತೆಲುಗಿನ ‘ಧರ್ಮಚಕ್ರಂ’, ಮಲಯಾಳದ ‘ದಿ ಪ್ರಿನ್ಸ್’ ಬಂದವು. 1999ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶಿಸಿದ ತೆಲುಗು ಚಿತ್ರ ‘ದೇವಿ’ಯ ಶೀರ್ಷಿಕೆ ಪಾತ್ರವೇ ಅವರದಾಯಿತು.

ಕನ್ನಡದಲ್ಲಿ ‘ಉಪೇಂದ್ರ’ (1999), ‘ಯಜಮಾನ’ (2000), ‘ಕನಸುಗಾರ’ (2001) ಅವರ ಜನಪ್ರಿಯತೆಯನ್ನು ಉಳಿಸಿದವು. ಆದರೆ ಇಂಥ ಚಿತ್ರಗಳ ಭಾರ ಹೆಚ್ಚಾಗಿ ನಾಯಕನ ಮೇಲಿತ್ತು. ನಟಿಯ ಹೆಗಲಿಗೇ ಕಥೆ ಬಿದ್ದದ್ದು ಚಂದ್ರಶೇಖರ ಕಂಬಾರರ ಕಾದಂಬರಿ ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಿಂಗಾರೆವ್ವ’ದಲ್ಲಿ. ಅಪ್ಪನ ಆಸೆಗೆ ಬಲಿಯಾಗಿ ಅರಮನೆ ಸೇರಿದ ಹೆಣ್ಣೊಬ್ಬಳು ಅದರ ಅವನತಿಯ ನಡುವೆ ಬಾಳುವ ಕಥೆ ಇದು. ಚಿತ್ರ 2002ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಗಳಿಸಿತು. ‘ಓಂ’ನಿಂದ ‘ಸಿಂಗಾರೆವ್ವ’ದವರೆಗೆ ನೋಡಿದರೆ, ಹೆಣ್ಣಿನ ಇಚ್ಛೆ ಮತ್ತು ಸಂಕಟ ಕಥೆಯನ್ನು ನಡೆಸಿದಾಗಲೇ ಪ್ರೇಮಾ ಅವರ ಪ್ರತಿಭೆ ಪೂರ್ಣವಾಗಿ ಬಳಕೆಯಾಗಿದೆ.

‘ಆಪ್ತಮಿತ್ರ’ದ (2004) ನಂತರದ ವರ್ಷಗಳಲ್ಲಿ ಅವರು ತೆರೆಯಿಂದ ದೂರ ಸರಿದರು. ದೀರ್ಘ ಬಿಡುವಿನ ಬಳಿಕ ‘ಉಪೇಂದ್ರ ಮತ್ತೆ ಬಾ’ (2017) ಚಿತ್ರದಿಂದ ಮರಳಿ, ‘ವೆಡ್ಡಿಂಗ್ ಗಿಫ್ಟ್’ನಲ್ಲಿ (2022) ವಕೀಲೆಯಾದರು. ಜೀ ಕನ್ನಡ ವಾಹಿನಿಯಲ್ಲಿ 2024ರಲ್ಲಿ ಪ್ರಸಾರವಾದ ‘ಮಹಾನಟಿ’ ರಿಯಾಲಿಟಿ ಶೋದಲ್ಲಿ, ‘ಮಂದಾರ ಹೂವೇ’ಯ ಸಹನಟ ರಮೇಶ್ ಅರವಿಂದ್ ಜೊತೆ ತೀರ್ಪುಗಾರರಾಗಿ ಕುಳಿತರು.

ಇಷ್ಟರಲ್ಲಿ ಕೊಡಗಿನಿಂದ ಬೇರೆ ನಟಿಯರೂ ಬಂದಿದ್ದರು. ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಹಿರಿತೆರೆಯಲ್ಲಿ ನೆಲೆ ಕಂಡರು. ಶ್ವೇತಾ ಚೆಂಗಪ್ಪ ‘ಸುಮತಿ’, ‘ಕಾದಂಬರಿ’ ಧಾರಾವಾಹಿಗಳಿಂದಲೂ ‘ಮಜಾ ಟಾಕೀಸ್’ನಿಂದಲೂ ಮನೆಮನೆಗೆ ಪರಿಚಿತರಾದರು. ‘ಕಿರಿಕ್ ಪಾರ್ಟಿ’ಯಿಂದ (2016) ಹೊರಟ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಹಿಂದಿ ಚಿತ್ರರಂಗವನ್ನೂ ತಲುಪಿದರು. ಕೊಡಗಿನ ಹೆಣ್ಣುಮಕ್ಕಳಿಗೆ ಸಿನಿಮಾ ಒಂದು ವೃತ್ತಿಯಾಗಿ ಕಾಣತೊಡಗಿದ ಕಾಲದ ಮೊದಲ ದೊಡ್ಡ ಹೆಸರು ಪ್ರೇಮಾ ಅವರದು.