ದುಡಿಮೆಯ ವೇಷ ತೊಟ್ಟ ಜೂಜು

ಮಗ ನಡುರಾತ್ರಿಯವರೆಗೂ ಮೊಬೈಲ್‌ನಲ್ಲಿ ಆಡುತ್ತಿದ್ದರೆ ತಾಯಿ ಗದರುತ್ತಾಳೆ. ಆದರೆ ಆತ, ‘ಉಮ್ಮಾ, ಇದು ಆಟವಲ್ಲ, ಸಂಪಾದನೆ’ ಎಂದುಬಿಟ್ಟರೆ? ಗದರಿಕೆ ಅಲ್ಲಿಗೇ ನಿಲ್ಲುತ್ತದೆ. ತಂದೆಯೂ ಮೌನಿಯಾಗುತ್ತಾನೆ. ಕ್ರಿಪ್ಟೋ ನಾಣ್ಯಗಳನ್ನು ಬಹುಮಾನವಾಗಿ ನೀಡುವ ಆಟಗಳ ನಿಜವಾದ ಅಪಾಯ ಇರುವುದು ಇಲ್ಲಿ. ಚಟಕ್ಕೆ ಮನೆಯೊಳಗೆ ಇದ್ದ ಏಕೈಕ ತಡೆಯನ್ನೇ ಅವು ಕಿತ್ತುಹಾಕುತ್ತವೆ.

ಈ ಮಾತು ಉತ್ಪ್ರೇಕ್ಷೆಯೆಂದು ಭಾವಿಸುವವರು ಫಿಲಿಪ್ಪೀನ್ಸ್‌ನ ಕಡೆಗೊಮ್ಮೆ ನೋಡಬೇಕು. ವಿಯೆಟ್ನಾಮಿನ ಸ್ಕೈ ಮಾವಿಸ್ ಕಂಪೆನಿಯ ‘ಆಕ್ಸಿ ಇನ್ಫಿನಿಟಿ’ ಎಂಬ ಆಟ ಕೊರೋನಾ ಕಾಲದಲ್ಲಿ ಅಲ್ಲಿನ ಬಡವರ ಮನೆಗಳಿಗೆ ನುಗ್ಗಿತು. ಲಾಕ್‌ಡೌನ್‌ನಿಂದ ಕೆಲಸ ಕಳಕೊಂಡ ಚಾಲಕರು, ಗೃಹಿಣಿಯರು, ವೃದ್ಧರು ಕೂಡ ಆಡಿದರು. ಗೆದ್ದರೆ ಎಸ್‌ಎಲ್‌ಪಿ ಎಂಬ ನಾಣ್ಯ. ಅದನ್ನು ಮಾರಿದರೆ ಪೆಸೊ. 2021ರ ಮಧ್ಯಭಾಗದಲ್ಲಿ ಅನೇಕರ ಗಳಿಕೆ ಅಲ್ಲಿನ ಕನಿಷ್ಠ ಕೂಲಿಯನ್ನೂ ಮೀರಿತ್ತು. ಹಸಿದ ಮನೆಯಲ್ಲಿ ಒಲೆ ಉರಿದುದನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಒಂದಷ್ಟು ಪ್ರಯೋಜನವಿದೆ ಎಂಬುದನ್ನು ಪವಿತ್ರ ಕುರ್‌ಆನ್ ಕೂಡ ಒಪ್ಪುತ್ತದೆ. ಅವುಗಳ ಕೆಡುಕು ಆ ಪ್ರಯೋಜನಕ್ಕಿಂತ ದೊಡ್ಡದೆಂದು ಅಲ್ಲಿಯೇ ಎಚ್ಚರಿಸುತ್ತದೆ.

ಅಷ್ಟಕ್ಕೂ ಆ ಹಣ ಬರುತ್ತಿದ್ದುದು ಎಲ್ಲಿಂದ? ಆಟಕ್ಕೆ ಆಗ ಮೂರು ‘ಆಕ್ಸಿ’ ಪ್ರಾಣಿಗಳನ್ನು ಹೊಂದಿರಬೇಕಿತ್ತು. ಒಂದು ಹಂತದಲ್ಲಿ ಅವುಗಳ ಬೆಲೆ ಸಾವಿರ ಡಾಲರನ್ನೂ ದಾಟಿತ್ತು. ಹೊಸ ಪ್ರಾಣಿಗಳನ್ನು ಹುಟ್ಟಿಸಲು ಎಸ್‌ಎಲ್‌ಪಿ ಬೇಕು. ಆ ಪ್ರಾಣಿಗಳನ್ನು ಕೊಳ್ಳಲು ಹೊಸ ಆಟಗಾರರು ಬೇಕು. ಅಂದರೆ ಇಂದು ಆಡುವವನ ಕೂಲಿಯನ್ನು ತೆರುವವನು ನಾಳೆ ಸೇರುವವನು. ಗದ್ದೆಯಿಲ್ಲ, ಫಸಲಿಲ್ಲ, ಸರಕಿಲ್ಲ. ಬಂಡವಾಳವಿಲ್ಲದವರಿಗೆ ಪ್ರಾಣಿಗಳನ್ನು ಬಾಡಿಗೆಗೆ ಕೊಟ್ಟು ಗಳಿಕೆಯಲ್ಲಿ ಪಾಲು ಪಡೆಯುವ ‘ಮ್ಯಾನೇಜರ್’ಗಳೂ ಹುಟ್ಟಿಕೊಂಡರು. ಹೀಗೆ ಗೇಣಿ ಮಾಡುವವನಿಗೆ ಇಟ್ಟ ಹೆಸರು ‘ಸ್ಕಾಲರ್’! ದಿನದ ಗುರಿ ಮುಟ್ಟದವನನ್ನು ಕೈಬಿಟ್ಟು ಇನ್ನೊಬ್ಬನನ್ನು ಹುಡುಕಲಾಗುತ್ತಿತ್ತು. ಹಾಗಿರುವಾಗ ಕಣ್ಣು ಉರಿದರೂ, ನಿದ್ದೆ ಬಂದರೂ ಆಡದಿರುವುದು ಹೇಗೆ?

ಹೊಸಬರ ಬರವು ತಗ್ಗಿತು. 2021ರ ಜುಲೈಯಲ್ಲಿ 30 ಸೆಂಟ್ ದಾಟಿದ್ದ ಎಸ್‌ಎಲ್‌ಪಿ ಮುಂದಿನ ವರ್ಷದ ಮಧ್ಯಭಾಗಕ್ಕೆ ಒಂದು ಸೆಂಟಿಗಿಂತಲೂ ಕೆಳಗಿಳಿಯಿತು. ಇದರ ನಡುವೆ 2022ರ ಮಾರ್ಚ್‌ನಲ್ಲಿ ಆಟದ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚಿನ ಸಂಪತ್ತು ಕಳವಾಯಿತು. ಅದು ಗೊತ್ತಾದದ್ದು ಆರು ದಿನಗಳ ಬಳಿಕ! ಉತ್ತರ ಕೊರಿಯಾದ ನಂಟುಳ್ಳ ಹ್ಯಾಕರ್‌ಗಳ ಕೃತ್ಯವಿದೆಂದು ಅಮೆರಿಕದ ಎಫ್‌ಬಿಐ ಹೇಳಿತು. ಸಾಲ ಮಾಡಿ ಪ್ರಾಣಿ ಕೊಂಡವನ ಕೈಯಲ್ಲಿ ಉಳಿದದ್ದು ಚಿತ್ರಗಳು ಮಾತ್ರ.

‘ನಾವು ಹಣವನ್ನೇ ಹಾಕುವುದಿಲ್ಲ, ಬರೇ ಬೆರಳಿನಿಂದ ತಟ್ಟುತ್ತೇವೆ’ ಎನ್ನುವ ಯುವಕರಿದ್ದಾರೆ. 2024ರಲ್ಲಿ ಟೆಲಿಗ್ರಾಂನಲ್ಲಿ ಹಬ್ಬಿದ ‘ಹ್ಯಾಮ್‌ಸ್ಟರ್ ಕಾಂಬಾಟ್’ ಅಂಥದ್ದು. ತಟ್ಟುವುದು, ಮತ್ತೆ ತಟ್ಟುವುದು, ಗೆಳೆಯರನ್ನು ಸೇರಿಸುವುದು. ಬಳಕೆದಾರರು 30 ಕೋಟಿ ಎಂದು ಮಾಲಕರು ಹೇಳಿಕೊಂಡರು. ತಿಂಗಳುಗಟ್ಟಲೆ ಬೆರಳು ಸವೆಸಿದ ಬಳಿಕ ಸೆಪ್ಟೆಂಬರ್ 26ರಂದು ನಾಣ್ಯ ಹಂಚಿದಾಗ ಹೆಚ್ಚಿನವರ ಪಾಲಿಗೆ ಬಂದದ್ದು ಕೆಲವೇ ಡಾಲರ್. ಆ ನಾಣ್ಯದ ಬೆಲೆಯೂ ಬೇಗನೆ ಕುಸಿಯಿತು. ಪರೀಕ್ಷೆಯ ರಾತ್ರಿಗಳಿಗೆ, ತಪ್ಪಿದ ಸುಬ್‌ಹ್ ನಮಾಝಿಗೆ ಬೆಲೆ ಕಟ್ಟುವುದಾದರೆ ಇದು ಪುಕ್ಕಟೆ ಆಟವೇ?

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಆಟದ ಚಟ ಬೇರೆ, ಜೂಜಿನ ಚಟ ಬೇರೆ. ಹಿಡಿತ ತಪ್ಪುವುದು, ಬದುಕಿನ ಇತರೆಲ್ಲ ಸಂಗತಿಗಳಿಗಿಂತ ಅದೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು - ಎರಡಕ್ಕೂ ಲಕ್ಷಣಗಳು ಇವೇ. ಕ್ರಿಪ್ಟೋ ಆಟವಾದರೋ ಎರಡನ್ನೂ ಒಂದೇ ಪರದೆಯಲ್ಲಿ ಕೂಡಿಸಿದೆ. ಆಟ ನಿಂತರೂ ನಾಣ್ಯದ ಬೆಲೆ ಏರಿತೋ ಇಳಿಯಿತೋ ಎಂದು ನೋಡುವ ಚಡಪಡಿಕೆ ನಿಲ್ಲುವುದಿಲ್ಲ.

ಇನ್ನು ಸರಕಾರ. 2022ರ ಎಪ್ರಿಲ್‌ನಿಂದ ಕ್ರಿಪ್ಟೋ ಗಳಿಕೆಯ ಮೇಲೆ ಅದು ಶೇ. 30 ತೆರಿಗೆ ವಿಧಿಸಿತು. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ ಎಂದಿತು. ತನ್ನ ಪಾಲನ್ನು ಮೊದಲು ಗೊತ್ತುಪಡಿಸಿಕೊಂಡು, ಯುವಕರ ನೆನಪಾಗಲು ಅದಕ್ಕೆ ಮೂರು ವರ್ಷಗಳು ಬೇಕಾದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣಕ್ಕೆ ಬದಲಾಯಿಸಬಹುದಾದ ನಾಣ್ಯ, ಟೋಕನ್‌ಗಳನ್ನೂ ಪಣವೆಂದೇ ಪರಿಗಣಿಸುತ್ತದೆ. ಸ್ವಾಗತಾರ್ಹ. ಆದರೆ ನಿದ್ದೆಯನ್ನೂ ಸಮಯವನ್ನೂ ಪಣಕ್ಕಿಡಿಸುವ ಆಟವನ್ನು ಅದು ಹಿಡಿಯುವುದು ಹೇಗೆ?

ಮಾನ ಹೋದೀತೆಂದು ಮಗನ ಸಾಲವನ್ನು ಮುಚ್ಚಿಡುವ ಮನೆಗಳು ಒಂದನ್ನು ತಿಳಿದಿರಲಿ. ಈ ಕಾಯ್ದೆ ಶಿಕ್ಷೆ ವಿಧಿಸುವುದು ಆಡಿಸುವವರಿಗೆ, ಜಾಹೀರಾತು ನೀಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವನಿಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆಟದ ಚಟಕ್ಕೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ.