ಅಲಾಯಿ ಕುಣಿಗೆ ಯಾರ ಸಹಿ ಬೇಕು?

ಮೊಹರಂ ಚಂದ್ರ ಕಂಡ ಮರುದಿನದಿಂದ ನನ್ನ ಫೋನಿಗೆ ಎರಡು ಥರದ ಮೆಸೇಜುಗಳು ಬರೋದಕ್ಕೆ ಶುರುವಾಗುತ್ತವೆ. ಒಂದು ನಮ್ಮವರದ್ದು. "ಮೊಹರಂ ತಿಂಗಳ ಬಿದತ್‌ಗಳು" ಅಂತ ಉದ್ದದ ಪಟ್ಟಿ. ಪಂಜಾ ಕೂಡಿಸೋದು, ಅಲಾಯಿ ಕುಣಿ ತೋಡೋದು, ಹರಕೆ ಹೊತ್ತು ಫಕೀರರಾಗೋದು, ಹುಲಿವೇಷ, ಸಕ್ಕರೆ ಓದಿಸೋದು... ಎಲ್ಲದರ ಮುಂದೂ ಕೆಂಪು ಬಣ್ಣದ ಇಂಟು ಗುರುತು. ಇನ್ನೊಂದು ಬೆಂಗಳೂರಿನ ಗೆಳೆಯರದ್ದು. ನಮ್ಮ ಕಡೆಯ ಯಾವುದೋ ಹಳ್ಳಿಯ ಫೋಟೋ, ಕೆಳಗೆ "ಇದಲ್ಲವೇ ನಿಜವಾದ ಭಾವೈಕ್ಯ!" ಅಂತ. ಇಬ್ಬರಿಗೂ ಒಂದೊಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇನೆ. ಆದರೆ ಇಬ್ಬರ ಮೇಲೂ ನನಗೆ ತಕರಾರಿದೆ, ಅದನ್ನ ಇಲ್ಲಿ ಬರೆದು ಹಗುರಾಗೋಣ ಅಂತ.

ಮೈಸೂರು, ಮಂಗಳೂರು ಕಡೆಯವರಿಗೆ ಅಲಾಯಿ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಸುರಪುರ, ಶಹಾಪುರ, ಹೊಳೆಯಾಚೆ ಲಿಂಗಸುಗೂರು, ಮುದಗಲ್ ಕಡೆ ಮೊಹರಂ ಬಂತೆಂದರೆ ಆಶುರಖಾನೆ ಮುಂದೆ ದುಂಡಗೆ ಒಂದು ಕುಣಿ ತೋಡುತ್ತಾರೆ. ಅದರಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ, ಸುತ್ತ ಹೆಜ್ಜೆ ಹಾಕಿ ಕುಣಿಯುತ್ತಾರೆ, ಪದ ಹೇಳುತ್ತಾರೆ. ಒಳಗೆ ಲೋಹದ ಪಂಜಾಗಳನ್ನು ಬಟ್ಟೆ ಉಡಿಸಿ ಕೂಡಿಸಿರುತ್ತಾರೆ. ನಮ್ಮ ಕಡೆ "ದೇವರು ಕುಂತಾವ" ಅಂತಾರೆ. ಕತಲ್ ರಾತ್ರಿ ಸವಾರಿ ಏಳುತ್ತದೆ, ಹತ್ತನೇ ದಿನ "ದೇವರು ಹೊಳಿಗೆ" ಹೋಗುತ್ತವೆ, ಕುಣಿ ಮುಚ್ಚುತ್ತಾರೆ. ಸೌದೆ ತರುವವರು, ಹಲಗೆ ಬಡಿಯುವವರು, ಪಂಜಾ ಹೊರುವವರು, ಕೆಂಡ ಹಾಯುವವರು, ಇವರಲ್ಲಿ ಸಾಬರೆಷ್ಟು, ಬೇಡರೆಷ್ಟು, ಕುರುಬರೆಷ್ಟು, ಹೊಲೆಮಾದಿಗರೆಷ್ಟು ಅಂತ ಯಾರೂ ಎಣಿಸಿಲ್ಲ. ಹರಕೆಗೆ ಹುಟ್ಟಿದ ಹುಸೇನಪ್ಪ, ಫಕೀರಪ್ಪ, ಖಾಸೀಮಪ್ಪಗಳು ಊರೂರಿಗೆ ಸಿಗುತ್ತಾರೆ.

ಈಗ ಮೊದಲನೇ ಮೆಸೇಜಿನ ವಿಷಯ. ಬಿದತ್ ಅಂದವರನ್ನೆಲ್ಲ ಮೂಲಭೂತವಾದಿ ಅಂತ ತಳ್ಳಿಹಾಕೋದು ನಮ್ಮ ಬುದ್ಧಿಜೀವಿಗಳಿಗೆ ಸುಲಭ. ನಾನು ಹಾಗೆ ಮಾಡಲಾರೆ, ಯಾಕಂದರೆ ವಾದದಲ್ಲಿ ಹುರುಳಿದೆ. ದೀನಿನಲ್ಲಿ ಇಲ್ಲದ್ದನ್ನು ದೀನು ಅಂತ ಸೇರಿಸುವುದು ಬಿದತ್. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಸ್ಪೆಸಿಫಿಕೇಶನ್‌ನಲ್ಲಿ ಇಲ್ಲದ ಫೀಚರ್ :) ಎಲ್ಲ ಬಿದತ್ತೂ ದಾರಿತಪ್ಪಿಸುವಂಥದ್ದು ಅನ್ನುವ ಹದೀಸ್ ಇದೆ. ಹಾಗೇ, ರಂಜಾನಿನಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ ತರಾವೀಹ್ ಓದುತ್ತಿದ್ದವರನ್ನು ಹಜರತ್ ಉಮರ್ ಒಬ್ಬ ಇಮಾಮರ ಹಿಂದೆ ನಿಲ್ಲಿಸಿ, ಇದು ಒಳ್ಳೇ ಹೊಸತು ಅಂದರು ಅನ್ನುವುದೂ ಬುಖಾರಿಯಲ್ಲೇ ಇದೆ. ಅಲ್ಲಿಂದ ಜಗಳ ಶುರು. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿ ಹೊಸತರಲ್ಲಿ ಒಳ್ಳೇದು ಕೆಟ್ಟದ್ದು ಎರಡೂ ಉಂಟು ಅಂದರು. 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯಾ ಇದನ್ನು ಒಪ್ಪಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಮೈಕು ಬಂದಾಗ ಅದರಲ್ಲಿ ನಮಾಜು ಮಾಡಿಸಬಹುದೋ ಇಲ್ಲವೋ ಅಂತಲೂ ಉಲೇಮಾಗಳು ವಾದ ಮಾಡಿದ್ದಾರೆ. ಈಗ ಅದೇ ಮೈಕಿನಲ್ಲಿ ಬಿದತ್ ವಿರುದ್ಧ ಬಯಾನ್ ನಡೆಯುತ್ತದೆ, ಇರಲಿ.

ಆದರೆ ಅಲಾಯಿ ವಿಷಯಕ್ಕೆ ಬಂದರೆ ಒಂದು ಮಜಾ ಇದೆ. ಉರುಸು, ಗ್ಯಾರವಿ, ಮೀಲಾದ್ ಅಂದರೆ ದೇವಬಂದಿನವರಿಗೂ ಬರೇಲಿಯವರಿಗೂ ಹಾವು ಮುಂಗುಸಿ. 1866ರಲ್ಲಿ ಶುರುವಾದ ದೇವಬಂದ್ ಮದರಸಾದ ಕಡೆಯವರು ಮೊಹರಂನ ಈ ಆಚರಣೆ ಬೇಡ ಅನ್ನೋದು ಸರಿ. ದರ್ಗಾ, ಉರುಸುಗಳ ಪರ ಗಟ್ಟಿಯಾಗಿ ನಿಂತ ಬರೇಲಿಯ ಅಹ್ಮದ್ ರಜಾ ಖಾನರೂ (1856-1921) ಜನ ಮಾಡುವ ರೀತಿಯ ತಾಜಿಯಾ ಮೆರವಣಿಗೆ ಸರಿಯಲ್ಲ ಅಂತಲೇ ಬರೆದಿದ್ದಾರೆ. ಹೋಗಲಿ, ಶಿಯಾ ಆಲಿಮರನ್ನು ಕೇಳೋಣ ಅಂದರೆ ಅವರಿಗೆ ಮೊಹರಂ ದುಃಖದ ತಿಂಗಳು. ಹುಲಿವೇಷ, ಹಲಗೆ, ಕುಣಿತ ಅಂದರೆ ಅವರೂ ಮುಖ ತಿರುಗಿಸುತ್ತಾರೆ. ಅಂದರೆ ಅಲಾಯಿ ಕುಣಿಗೆ ಯಾವ ಪಂಗಡದ ಮೌಲ್ವಿಯ ಸಹಿಯೂ ಇಲ್ಲ! ಅದು ಯಾವತ್ತೂ ಕೇಳಿಯೂ ಇಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇಮಾಮ್ ಹುಸೇನರು ಕರ್ಬಲಾದಲ್ಲಿ ಶಹೀದರಾದದ್ದು 680ರಲ್ಲಿ. ಬಗ್ದಾದಿನ ಬೀದಿಯಲ್ಲಿ ಬಹಿರಂಗವಾಗಿ ಶೋಕ ಆಚರಿಸಲು ಬುವೈಹಿ ದೊರೆ ಅಪ್ಪಣೆ ಕೊಟ್ಟದ್ದು 963ರಲ್ಲಿ. ನಮ್ಮ ಕಡೆಗೆ ಬಂದದ್ದರಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಪಾಲು ದೊಡ್ಡದು. ಯೂಸುಫ್ ಆದಿಲ್ ಶಾಹ 1502ರ ಸುಮಾರಿಗೆ ಶಿಯಾ ಪಂಥವನ್ನು ರಾಜ್ಯದ್ದು ಅಂತ ಸಾರಿದ. ಆಮೇಲೆ ಬಂದವರಲ್ಲಿ ಒಬ್ಬ ಸುನ್ನಿ, ಇನ್ನೊಬ್ಬ ಶಿಯಾ, ಹೀಗೆ ಅರಮನೆ ಆಗಾಗ ಬಣ್ಣ ಬದಲಿಸಿತು. ಕೆಳಗಿನ ಜನ ಮಾತ್ರ ಪಂಜಾ ಕೆಳಗಿಡಲಿಲ್ಲ. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಷರೀಫರ 'ಖಾನೂನ್-ಎ-ಇಸ್ಲಾಂ' ಪುಸ್ತಕದಲ್ಲಿ ದಖನ್ನಿನ ಮೊಹರಂ ವರ್ಣನೆಯಿದೆ. ಕುಣಿ, ಬೆಂಕಿ, ಪಂಜಾ, ಫಕೀರ ವೇಷಗಳು ಎಲ್ಲ ಅಲ್ಲೂ ಇವೆ.

ಸುರಪುರದವನಾಗಿ ಒಂದು ಸಂಗತಿ ಹೇಳಲೇಬೇಕು. ಬುರಾನ್‌ಪುರದಲ್ಲಿ ಎರಡು ಮೆರವಣಿಗೆಗಳ ನಡುವೆ ಹೊಡೆದಾಟವಾಗಿ ಹೆಣ ಬಿದ್ದಾಗ, 1669ರಲ್ಲಿ ಔರಂಗಜೇಬ ಮೊಹರಂ ಮೆರವಣಿಗೆಗಳನ್ನೇ ನಿಲ್ಲಿಸುವ ಹುಕುಂ ಕಳಿಸಿದ. ಅದೇ ಬಾದಶಹ ಮುದುಕನಾಗಿ ತನ್ನ ಕೊನೆಯ ಮುತ್ತಿಗೆ ಹಾಕಿದ್ದು ನಮ್ಮ ತಾಲೂಕಿನ ವಾಗಿನಗೇರಾ ಕೋಟೆಗೆ, 1705ರಲ್ಲಿ, ಬೇಡ ನಾಯಕರ ವಿರುದ್ಧ. ಕೋಟೆ ಬಿತ್ತು, ಎರಡು ವರ್ಷದಲ್ಲಿ ಬಾದಶಹನೂ ಹೋದ. ಬೇಡರೂ ಮೊಹರಮ್ಮೂ ಇಲ್ಲೇ ಇದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಾನೇನು ಮಾಡುತ್ತೇನೆ ಅಂತ ನೀವು ಕೇಳಬಹುದು. ಮೊಹರಂ ಒಂಬತ್ತು, ಹತ್ತನೇ ದಿನ ರೋಜಾ ಇರುತ್ತೇನೆ. ಆಶೂರಾದ ರೋಜಾ ಪ್ರವಾದಿಯವರ ಸುನ್ನತ್, ಕರ್ಬಲಾಕ್ಕಿಂತ ಅರ್ಧ ಶತಮಾನ ಹಳೆಯದು. ಪಂಜಾದ ಮುಂದೆ ತಲೆ ಬಾಗಿಸುವುದಿಲ್ಲ, ಹರಕೆ ಕಟ್ಟುವುದಿಲ್ಲ. ಅಲ್ಲಾಹನನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಕೇಳಬಾರದು ಅನ್ನುವುದು ನನಗೆ ವಾಟ್ಸಾಪಿನಿಂದ ಬಂದ ಬುದ್ಧಿ ಏನಲ್ಲ. ಆದರೆ ಅಲಾಯಿ ನೋಡಲು ಹೋಗುತ್ತೇನೆ, ಪದ ಕೇಳುತ್ತೇನೆ, ಸೌದೆಗೆ ದುಡ್ಡು ಕೇಳಿದರೆ ಕೊಡುತ್ತೇನೆ.

ಇದು ಎರಡು ದೋಣಿಯ ಮೇಲೆ ಕಾಲಿಡೋದು ಅಂತ ನಮ್ಮ ಜಮಾತಿನ ಹುಡುಗರು ಜಗಳಕ್ಕೆ ಬರುತ್ತಾರೆ. ನನ್ನ ಲೆಕ್ಕ ಸರಳ. ಬಿದತ್ ಅನ್ನುವುದು ನನ್ನ ಇಬಾದತ್ತಿಗೆ ಇರುವ ಕಟ್ಟಳೆ. ಅಲಾಯಿಯನ್ನು ಇಬಾದತ್ ಅಂತ ನಾನು ಮಾಡಿದರೆ ತಪ್ಪು ನನ್ನದು. ಕುರುಬರ ಮುದುಕಿ ಕುಣಿಗೆ ಎಣ್ಣೆ ಉಪ್ಪು ಹಾಕಿ ಕೈ ಮುಗಿದರೆ ಅವಳಿಗೆ ಯಾವ ಹದೀಸ್ ಓದಿ ಹೇಳಲಿ? ಅವಳು ಮುಸಲ್ಮಾನಳೇ ಅಲ್ಲವಲ್ಲ! ಕುಣಿ ಇರುವುದು ಊರಿನ ಜಾಗದಲ್ಲಿ, ಅದರ ಹಕ್ಕುದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಮಸೀದಿಯ ಮೆಟ್ಟಿಲು ಹತ್ತುವವರಲ್ಲ. ನಾವು ಹೊರಗೆ ಬರಬಹುದು. ಮುಚ್ಚಿಸಲಿಕ್ಕೆ ನಾವು ಯಾರು?

ನಾವು ಬಂದುಬಿಟ್ಟರೆ ಅದು ನಿಲ್ಲುತ್ತದೆ ಅನ್ನುವುದೂ ಭ್ರಮೆ. ಬೆಳಗಾವಿ ಜಿಲ್ಲೆ ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲ. ಆದರೂ ಮೊಹರಂ ನಡೆಯುತ್ತದೆ, ಮಸೀದಿಯ ಪೂಜೆ ಹಿಂದೂಗಳೇ ನೋಡಿಕೊಳ್ಳುತ್ತಾರೆ ಅಂತ 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಹಬ್ಬದ ದಿನಗಳಿಗೆ ಪಕ್ಕದ ಊರಿಂದ ಮೌಲ್ವಿಯನ್ನು ಕರೆಸುತ್ತಾರಂತೆ. ಹಬ್ಬ ಉಳಿಯುತ್ತದೆ, ಇಲ್ಲವಾಗುವುದು ಅದರೊಳಗೆ ನಮಗಿದ್ದ ಜಾಗ. ಬಡ ಮುಜಾವರನ ಮನೆಗೆ ಊರ ಗೌಡರು ಬಂದು "ಏನಪಾ, ದೇವರು ಯಾವಾಗ ಕೂಡಿಸ್ತಿ?" ಅಂತ ಕೇಳುವುದು ವರ್ಷದಲ್ಲಿ ಆ ಹತ್ತು ದಿನ ಮಾತ್ರ. ಆ ಮುಜಾವರನಿಗೆ ಈಗ ಮಸೀದಿಯಲ್ಲಿ ನಮ್ಮ ಹುಡುಗರು ಸಲಾಂ ಹೇಳುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಅವನ ಮಗ ಪುಣೆಗೆ ದುಡಿಯಲು ಹೋಗಿದ್ದಾನೆ, ವಾಪಸು ಬಂದು ಪಂಜಾ ಮುಟ್ಟುತ್ತಾನೆ ಅನ್ನುವ ನಂಬಿಕೆ ನನಗಿಲ್ಲ.

ಎರಡನೇ ಮೆಸೇಜಿನವರಿಗೂ ಒಂದು ಮಾತು. ಭಾವೈಕ್ಯದ ಫೋಟೋದಲ್ಲಿ ಪಂಜಾ ಹೊತ್ತ ಮನುಷ್ಯನಿಗೆ ತನ್ನ ಮಸೀದಿಯಲ್ಲಿ ಏನು ಕೇಳಬೇಕಾಗುತ್ತದೆ ಅಂತ ನೀವು ಯೋಚಿಸುವುದಿಲ್ಲ. ಅಲಾಯಿ ಕುಣಿದವನು ಒಳ್ಳೇ ಮುಸ್ಲಿಂ, ರೋಜಾ ಇದ್ದು ಮನೆಯಲ್ಲಿ ಕುಳಿತವನು ಅನುಮಾನದ ಮುಸ್ಲಿಂ ಅನ್ನುವ ಹಾಗೆ ಬರೆಯುತ್ತೀರಿ. ಅಲಾಯಿಗೆ ಬರದಿರುವ ಹಕ್ಕೂ ಇರಬೇಕಲ್ಲವೇ? ಇನ್ನು "ಹಿಂದೂಗಳು ಯಾಕೆ ಪೀರಲ ದೇವರಿಗೆ ಕೈ ಮುಗಿಯಬೇಕು" ಅಂತ ಕೇಳುವವರೂ ಈಗೀಗ ಹೆಚ್ಚಾಗಿದ್ದಾರೆ. ಅವರ ಪಟ್ಟಿ, ನಮ್ಮವರ ಪಟ್ಟಿ ಪಕ್ಕಪಕ್ಕ ಇಟ್ಟರೆ ಇಂಟು ಗುರುತು ಸುದ್ದಾ ಒಂದೇ ಜಾಗದಲ್ಲಿ ಬೀಳುತ್ತದೆ. ಸುರಪುರ ತಾಲೂಕಿನಲ್ಲೇ ಕೃಷ್ಣಾ ದಂಡೆಯ ತಿಂಥಣಿ ಇದೆ. ಅಲ್ಲಿ ವಿಶ್ವಕರ್ಮರ ಮೌನೇಶ್ವರನನ್ನು ಮೌನುದ್ದೀನ್ ಅಂತಲೂ ಕರೆಯುತ್ತಾರೆ. ಪಟ್ಟಿ ಮಾಡುವವರು ಅಲ್ಲಿಗೆ ಬಂದರೆ ಹೆಸರಿನ ಯಾವ ಅಕ್ಷರದ ಮೇಲೆ ಗೆರೆ ಎಳೆಯುತ್ತಾರೋ ನೋಡಬೇಕು.

ನನಗಿರುವ ನಿಜವಾದ ಸಂಕಟ ಬೇರೆಯದು, ಕನ್ನಡ ಬರೆಯುವ ನಿಮಗೆ ಅದು ಬೇಗ ಅರ್ಥವಾದೀತು. ನಮ್ಮ ಮನೆ ಮಾತು ದಖನಿ, ಜುಮ್ಮಾದ ಬಯಾನ್ ಉರ್ದು, ಖುತ್ಬಾ ಅರಬ್ಬಿ. ಆದರೆ ಕರ್ಬಲಾದಲ್ಲಿ ನೀರಿಲ್ಲದೆ ಮಕ್ಕಳು ಒದ್ದಾಡಿದ ಕಥೆ ನನಗೆ ಮೊದಲು ಗೊತ್ತಾದದ್ದು ಕನ್ನಡದಲ್ಲಿ, ರಿವಾಯತ್ ಪದದಲ್ಲಿ. ಹೇಳುತ್ತಿದ್ದವರು ಓದು ಬರಹ ಇಲ್ಲದ ಜನ, ಅರ್ಧಕ್ಕರ್ಧ ಹಿಂದೂಗಳು. ಫುರಾತ್ ನದಿ ಅವರ ಬಾಯಲ್ಲಿ ನಮ್ಮ ಹೊಳೆಯೇ ಆಗುತ್ತಿತ್ತು. ದಖನ್ನಿನ ಹೆಣ್ಣುಮಕ್ಕಳಿಗೆ ಇಸ್ಲಾಂ ತಲುಪಿದ್ದರಲ್ಲಿ ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ಚಕ್ಕಿನಾಮಾ ಪದಗಳ ಪಾತ್ರ ದೊಡ್ಡದು ಅಂತ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದಾರೆ. ಬೀಸುಕಲ್ಲು ಹೋಯಿತು, ಆ ಪದಗಳೂ ಹೋದವು. ರಿವಾಯತ್ ಪದ ಇರುವುದು ಅಲಾಯಿ ಕುಣಿಯ ಸುತ್ತ ಮಾತ್ರ. ಮಸೀದಿಯಲ್ಲಿ ಅದನ್ನು ಹೇಳಲಿಕ್ಕೆ ಬಿಡುವುದಿಲ್ಲ, ಬಿಡಿ ಅಂತ ನಾನೂ ಕೇಳುತ್ತಿಲ್ಲ. ಆದರೆ ಪದದಲ್ಲಿ ಶಿರ್ಕ್ ಇದೆ ಅನ್ನುವವರು ಒಮ್ಮೆ ಕೂತು ಪೂರ್ತಿ ಕೇಳಬೇಕು. ನಾನು ಕೇಳಿದ ಬಹಳಷ್ಟು ಪದಗಳಲ್ಲಿ ಇರುವುದು ಬಾಯಾರಿದವರ ಅಳು ಅಷ್ಟೇ.

ರಹಮತ್ ತರೀಕೆರೆಯವರಂಥ ಕೆಲವರು ಊರೂರು ತಿರುಗಿ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಬರೆದಿದ್ದಾರೆ. ಆದರೆ ಪ್ರತಿ ಊರಿಗೂ ಪದ ಬೇರೆ, ದಾಟಿ ಬೇರೆ, ಒಬ್ಬಿಬ್ಬರಿಂದ ಮುಗಿಯುವ ಕೆಲಸವಲ್ಲ. ನಿಮ್ಮಲ್ಲಿ ರಾಯಚೂರು, ಕೊಪ್ಪಳ, ಯಾದಗಿರಿ, ಬಿಜಾಪುರ ಕಡೆಯವರು ಬಹಳ ಜನ ಇದ್ದೀರಿ. ನಿಮ್ಮೂರಲ್ಲಿ ಅಲಾಯಿ ಪದ ಹೇಳುವ ಹಿರಿಯರಿದ್ದರೆ ಮುಂದಿನ ಮೊಹರಂವರೆಗೆ ಕಾಯಬೇಡಿ, ಫೋನಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಪದ ಬರೆದಿಟ್ಟ ಹಳೇ ನೋಟುಬುಕ್ಕು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಯೂನಿಕೋಡಿಗೆ ಟೈಪ್ ಮಾಡುವ ಕೆಲಸ ನಾನು ಮಾಡುತ್ತೇನೆ. ನಮ್ಮ ಕಡೆಯ ಎರಡು ಪದ ಈಗಾಗಲೇ ಟೈಪ್ ಆಗಿವೆ. ಮೂರನೆಯದರ ಕೊನೆಯ ನುಡಿ ಹೇಳುವವರಿಗೇ ನೆನಪಾಗುತ್ತಿಲ್ಲ.